ದನಿ ನಿಂತರೆ ನಿಲ್ಲು

ಹೆಂಡತಿಯ ಮಾತು ಕೇಳುವ ಗಂಡನನ್ನು ನೋಡಬೇಕಾದರೆ ತಲೆ ಎತ್ತಿ ನೋಡಬೇಕಿತ್ತು. ಪೇಟೆಯ ನಟ್ಟನಡುವೆ ನಿಂತ ಹಳದಿ ಕ್ರೇನಿನ ನೆತ್ತಿಯಲ್ಲಿ, ಒಬ್ಬರೇ ಕೂರುವಷ್ಟು ಜಾಗದ ಗಾಜಿನ ಗೂಡಿನೊಳಗೆ, ಅವನು ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದ. ಕೆಳಗೆಲ್ಲೋ ನಿಂತ ಹೆಂಡತಿ ಏರಿಸು ಎಂದರೆ ಏರಿಸುತ್ತಿದ್ದ, ಇಳಿಸು ಎಂದರೆ ಇಳಿಸುತ್ತಿದ್ದ, ನಿಲ್ಲು ಎಂದರೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಸೈಟಿನ ಹೆಂಗಸರು ತಮ್ಮ ತಮ್ಮ ಗಂಡಂದಿರಿಗೆ ಆ ಗೂಡನ್ನು ತೋರಿಸಿ “ನೋಡಿ ಕಲೀರಿ” ಎನ್ನುತ್ತಿದ್ದರು. ಸಂಜೆ ಏಣಿ ಇಳಿದು ಮನೆಗೆ ಹೋದ ಮೇಲೆ ಅವನು ಹೇಗಿರುತ್ತಾನೆಂದು ಪಾಪ ಅವರಿಗೇನು ಗೊತ್ತು!

ಸೈಟಿನಲ್ಲಿ ಅವನಿಗೆ ‘ಮೇಲಿನವರು’ ಎಂದೇ ಹೆಸರು. ಕಬ್ಬಿಣ ಬರುವುದು ತಡವಾದರೆ ಗಾರೆಯವರು “ಎಲ್ಲಾ ಮೇಲಿನವರ ಇಚ್ಛೆ” ಎಂದು ಕೈಮುಗಿದು ನಗುತ್ತಿದ್ದರು. ಹೆಂಡತಿಯನ್ನು ಎಲ್ಲರೂ ‘ಅಕ್ಕ’ ಎನ್ನುತ್ತಿದ್ದರು, ಅವಳಿಗಿಂತ ಹಿರಿಯನಾದ ಗೇಟಿನ ಕಾವಲುಗಾರ ಕೂಡ. ಅವಳದು ಸಿಗ್ನಲ್ ಕೊಡುವ ಕೆಲಸ. ಕ್ರೇನಿನವನು ಎಷ್ಟು ಎತ್ತರದಲ್ಲಿ ಕೂತರೇನು, ಗೋಡೆಯ ಆಚೆಗಿನದು ಅವನ ಕಣ್ಣಿಗೆ ಬೀಳುವುದಿಲ್ಲ. ಆಚೆ ಬದಿಯಲ್ಲಿ ವಾಕಿಟಾಕಿ ಹಿಡಿದು ನಿಂತವರು ಹೇಳಿದ್ದನ್ನು ನಂಬಿ ಟನ್ನುಗಟ್ಟಲೆ ಭಾರವನ್ನು ಕುರುಡಾಗಿ ಇಳಿಸಬೇಕು. ಸಿಗ್ನಲ್ಲಿನವಳು ಹೆಂಡತಿಯಾದ ಮಾತ್ರಕ್ಕೆ ಭಾರವೇನೂ ಕಡಿಮೆಯಾಗುವುದಿಲ್ಲ.

ಮೊದಮೊದಲು ಅವಳು ಮನೆಯ ಅಭ್ಯಾಸದಲ್ಲಿ “ರೀ, ಸ್ವಲ್ಪ ಕೆಳಗಿಳಿಸ್ತೀರಾ” ಎಂದಿದ್ದಳಂತೆ. ಅಷ್ಟು ಮರ್ಯಾದೆ ಮುಗಿಯುವುದರೊಳಗೆ ಕಬ್ಬಿಣದ ಕಟ್ಟು ಗೋಡೆಗೆ ಮುತ್ತಿಕ್ಕಿತ್ತು. ಅಂದಿನಿಂದ ಮನೆಯಲ್ಲಿ ‘ನೀವು’, ವಾಕಿಟಾಕಿಯಲ್ಲಿ ‘ಇಳಿಸು’. ಅವನಿಗೂ ಅದರಿಂದ ಬೇಜಾರಿರಲಿಲ್ಲ. ಕಿವಿಯೊಳಗೆ ಅವಳ ದನಿ “ಇಳಿಸು, ಇಳಿಸು, ಇನ್ನೂ, ಇನ್ನೂ, ನಿಧಾನ” ಎಂದು ಎಡೆಬಿಡದೆ ಹರಿಯುತ್ತಿದ್ದರೆ ಅವನ ಕೈ ತಾನಾಗಿ ಹದಕ್ಕೆ ಬರುತ್ತಿತ್ತು.

ಎಡೆಬಿಡದೆ ಎಂದೆನಲ್ಲ, ಅದೇ ಈ ಕೆಲಸದ ಮುಖ್ಯ ನಿಯಮ. ಕಣ್ಣಿಗೆ ಕಾಣದ ಕಡೆ ಭಾರ ಇಳಿಯುವಾಗ ಸಿಗ್ನಲ್ಲಿನವಳು ಮಾತು ನಿಲ್ಲಿಸುವಂತಿಲ್ಲ. ಅವಳ ದನಿ ನಿಂತಿತೋ, ಕ್ರೇನೂ ಆ ಕ್ಷಣವೇ ನಿಲ್ಲಬೇಕು. ಕೆಮ್ಮು ಬಂತೋ, ಬ್ಯಾಟರಿ ಸತ್ತಿತೋ, ತಲೆ ಸುತ್ತಿತೋ, ಕಾರಣ ಆಮೇಲೆ. ಮೌನವೆಂದರೆ ನಿಲ್ಲು. ದನಿ ನಿಂತರೆ ನಿಲ್ಲು ಎಂಬುದನ್ನು ಅವನಿಗೆ ಗುರುವಿನಂಥ ಹಿರಿಯ ಆಪರೇಟರೊಬ್ಬ ಬೆನ್ನಿಗೆ ಗುದ್ದಿ ಗುದ್ದಿ ಕಲಿಸಿದ್ದ. ಅದು ಅವನ ಮೂಳೆಗೇ ಇಳಿದಿತ್ತು.

ಇನ್ನು ಆ ಕಟ್ಟಡದ ವಿಷಯ. ಅದನ್ನು ಕಟ್ಟುತ್ತಿದ್ದವರು ಒಂದೇ ಸಲ ಕಟ್ಟುವ ಪೈಕಿ ಅಲ್ಲ, ಮೂರು ಹಂತ ಮಾಡಿಕೊಂಡಿದ್ದರು. ಮೊದಲನೇ ಹಂತದ ಗೋಪುರ ಮುಗಿದು ಜನ ಬಂದುಬಿಟ್ಟಿದ್ದರು. ಕೆಳಗೆ ಅಂಗಡಿಗಳು, ನಡುವೆ ಆಫೀಸುಗಳು, ಮೇಲೆ ಮನೆಗಳು. ಬಾಲ್ಕನಿಗಳಲ್ಲಿ ಹೂಕುಂಡ, ಒಣಹಾಕಿದ ಬಟ್ಟೆ. ಎರಡನೇ ಹಂತ ಅದಕ್ಕಿಂತ ಎತ್ತರ. ಇವನ ಕ್ರೇನು ನಿಂತಿದ್ದು ಅದರ ಮಗ್ಗುಲಲ್ಲಿ. ಮೂರನೇ ಹಂತವೆಂದರೆ ಸದ್ಯಕ್ಕೆ ನೀರು ನಿಂತ ಒಂದು ಗುಂಡಿ, ಅದರ ಸುತ್ತ ತಗಡಿನ ಬೇಲಿ. ಆದರೂ ಬೇಲಿಯ ಮೇಲೆ ಆಗಲೇ ನಗುವ ಮುಖಗಳ ದೊಡ್ಡ ದೊಡ್ಡ ಚಿತ್ರ: ಇಲ್ಲಿ ಶಾಲೆ, ಇಲ್ಲಿ ಆಸ್ಪತ್ರೆ, ಇಲ್ಲಿ ಮಕ್ಕಳ ಲೈಬ್ರರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಈ ಕಟ್ಟಡದವರನ್ನು ಮೀರಿಸುವವರಿಲ್ಲ.

ಆ ಗುಂಡಿಯೇ ಗಂಡ ಹೆಂಡಿರ ನಡುವೆ ಬಾಯಿ ತೆರೆದದ್ದು.

ನಡೆದದ್ದು ಇಷ್ಟೆ. ಎರಡನೇ ಹಂತ ಮುಗಿಯುತ್ತ ಬಂದಾಗ ಕ್ರೇನ್ ಕಂಪನಿಯವರು ಬೇರೊಂದು ನಗರದಲ್ಲಿ ಇದಕ್ಕಿಂತ ಎತ್ತರದ ಕಟ್ಟಡವಿದೆ, ಬರುತ್ತೀರಾ ಎಂದರು. ಇಲ್ಲಿಯ ಮೂರನೇ ಹಂತಕ್ಕೂ ಇವರಿಬ್ಬರನ್ನೇ ಇಟ್ಟುಕೊಳ್ಳಲು ಸೈಟ್ ಇಂಜಿನಿಯರ್ ತಯಾರಿದ್ದ. ಆದರೆ ಮೂರನೇ ಹಂತ ಕುಳ್ಳ, ನಾಲ್ಕೇ ಮಹಡಿ. ಮೋಡದೊಳಗೆ ಕೂತು ಕೆಲಸ ಮಾಡಿದವನು ಆ ಮೊಣಕಾಲೆತ್ತರದ ಕಟ್ಟಡಕ್ಕೆ ಇಟ್ಟಿಗೆ ಎತ್ತುವುದೇ? ಒಂದು ಸಂಜೆ ಊಟಕ್ಕೆ ಕೂತಾಗ ಅವನು ಹೆಂಡತಿಗೆ ವಿಷಯ ಹೇಳಿದ. ಅವಳು ಏನೂ ಅನ್ನಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತ ಸುಮ್ಮನೆ ಕೂತಳು. ಮೌನಂ ಸಮ್ಮತಿ ಲಕ್ಷಣಂ ಎಂದು ಹಿರಿಯರು ಹೇಳಿದ್ದಾರಲ್ಲ, ಅವನೂ ಹಾಗೇ ತಿಳಿದ. ಮಾರನೆಯ ಬೆಳಿಗ್ಗೆ ಇಂಜಿನಿಯರಿಗೆ “ನಾವಿಬ್ಬರೂ ಹೊರಡ್ತೀವಿ ಸಾರ್” ಎಂದುಬಿಟ್ಟ.

ಆ ಸುದ್ದಿ ಅವಳಿಗೆ ತಲುಪಿದ್ದು ಅವಳ ತಮ್ಮನಿಂದ. ಅವನೂ ಅದೇ ಸೈಟಿನವನೇ. ಎರಡನೇ ಗೋಪುರದ ತುದಿಯಲ್ಲಿ ಭಾರಕ್ಕೆ ಬೆಲ್ಟು ಬಿಗಿದು ಹುಕ್ಕಿಗೆ ಸಿಕ್ಕಿಸುವ ಕೆಲಸ. “ಅಕ್ಕಾ, ಹೊರಟುಬಿಟ್ರಂತಲ್ಲ, ನಂಗೊಂದು ಮಾತೂ ಹೇಳ್ಲಿಲ್ಲ” ಎಂದು ಅವನು ಮುನಿಸಿಕೊಂಡಾಗ ಅವಳು ತಬ್ಬಿಬ್ಬಾದಳು. ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಹೇಳಿದಳು:

“ನಿಮ್ಮ ಬಾಯಿ ನಿಮ್ದು. ನನ್ ಬಾಯೂ ನಿಮ್ದೇ ಅಂತ ಯಾರು ಹೇಳಿದ್ದು? ಮಗಳು ಎಷ್ಟು ಶಾಲೆ ಬದಲಾಯಿಸಿದಾಳೆ ಗೊತ್ತಾ? ಈಗ ಎಲ್ಲೋ ಅವಳಿಗೊಬ್ಬ ಗೆಳತಿ ಸಿಕ್ಕಿದಾಳೆ. ನೀವು ಹೋಗಿ. ನಾವಿಬ್ರೂ ಇಲ್ಲೇ ಇರ್ತೀವಿ.”

“ನಾನು ಹೇಳಿದಾಗ ಸುಮ್ನಿದ್ದೆಯಲ್ಲ!”

“ಸುಮ್ನಿದ್ದೆ. ಹೌದು.”

ಅದೇ ಕೊನೆ. ಆಮೇಲೆ ಮನೆಯಲ್ಲಿ ಅವಳು ಅವನೊಡನೆ ತುಟಿ ಬಿಚ್ಚಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ ಇವನು, ಇವನೂ ಬಗ್ಗಲಿಲ್ಲ. ಒಂದೇ ಕೋಣೆಯ ಮನೆ. ಮೂವರೂ ಮಾರು ದೂರದಲ್ಲಿ ಕೂತಿರುವಾಗ ಮಗಳಿಗೆ ಅಂಚೆಯವನ ಕೆಲಸ ಬಂತು. “ಅಪ್ಪಾ, ಊಟ ಆಗಿದೆಯಂತೆ.” “ಬರ್ತೀನಂತ ಹೇಳು.” “ಅಮ್ಮಾ, ಬರ್ತಾರಂತೆ.” “ಕೇಳಿಸ್ತು ಅಂತ ಹೇಳು.” ಹುಡುಗಿ ಆಚೆ ಈಚೆ ಕತ್ತು ತಿರುಗಿಸಿ ತಿರುಗಿಸಿ ಸಾಕಾಗಿ, ಕೊನೆಗೆ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡೇ ಸುದ್ದಿ ಮುಟ್ಟಿಸತೊಡಗಿದಳು.

ಬೆಳಗಾದರೆ ಮಾತ್ರ ಅವಳ ದನಿ ಅವನ ಕಿವಿಯೊಳಗೆ. ಏರಿಸು, ಇಳಿಸು, ಎಡಕ್ಕೆ, ನಿಲ್ಲು. ಅದರಲ್ಲಿ ಸಿಟ್ಟೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಅಷ್ಟಾದರೂ ಸಿಗುತ್ತಿದೆಯಲ್ಲ ಎಂದು ಅವನು ಸಂಜೆ ಆದಷ್ಟು ತಡವಾಗಿ ಕೆಳಗಿಳಿಯುತ್ತಿದ್ದ. ನಾಚಿಕೆಗೆಟ್ಟವನ ಹಾಗೆ ಬೇಕಾಗಿಯೇ ಒಮ್ಮೊಮ್ಮೆ “ಏನಂದೆ? ಇನ್ನೊಂದ್ಸಲ” ಎಂದು ಕೇಳಿದ್ದೂ ಉಂಟು.

ಇನ್ನೊಮ್ಮೆ ಯೋಚಿಸಿ ಹೇಳಿ ಎಂದು ಇಂಜಿನಿಯರ್ ಕೊಟ್ಟಿದ್ದ ಗಡುವಿನ ದಿನ ಬಂತು. ಬೆಳಿಗ್ಗೆ ಏಣಿಯ ಬುಡದಲ್ಲೇ ಅವನನ್ನು ಹಿಡಿದು ಕೇಳಿದ: “ಸಂಜೆಯೊಳಗೆ ಕೊನೇ ಮಾತು ಹೇಳ್ಬಿಡಿ. ನೀವು ಹೊರಡೋದಾದ್ರೆ ನಾನು ಬೇರೆಯವರನ್ನ ಗೊತ್ತು ಮಾಡ್ಬೇಕು. ಇಬ್ರೂ ತಾನೆ?”

“ನಾನು ಹೊರಡ್ತೀನಿ” ಎಂದ ಅವನು. ಈ ಸಲ ‘ನಾವಿಬ್ಬರೂ’ ಎನ್ನಲಿಲ್ಲ. ಏಣಿ ಹತ್ತಿದ.

ಅಂದಿನ ದೊಡ್ಡ ಕೆಲಸ ಅಂಗಡಿಗಳಿಗೆ ತಂಪುಗಾಳಿ ಕೊಡುವ ಯಂತ್ರವನ್ನು ಇಳಿಸುವುದು. ಲಾರಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ ಅದು. ಎರಡು ಗೋಪುರಗಳ ನಡುವೆ ಅಂಗಡಿಗಳ ಸಾಲಿನ ಮೇಲೆ ಒಂದು ಅಗಲವಾದ ತಾರಸಿ ಇತ್ತು; ಅಲ್ಲಿ ಅದಕ್ಕೆ ಪೀಠ ಕಟ್ಟಿಟ್ಟಿದ್ದರು. ಕ್ರೇನಿನಿಂದ ನೋಡಿದರೆ ಎರಡನೇ ಗೋಪುರ ಅಡ್ಡ ನಿಂತು ಆ ತಾರಸಿ ಒಂದಿಷ್ಟೂ ಕಾಣುತ್ತಿರಲಿಲ್ಲ. ಹೆಂಡತಿ ಆ ತಾರಸಿಯ ಮೇಲೆ ನಿಂತಿದ್ದಳು. ಭಾಮೈದ ಎರಡನೇ ಗೋಪುರದ ತುದಿಯಲ್ಲಿದ್ದ. ಅವನಿಗೆ ಕ್ರೇನಿನ ಗೂಡೂ ಕಾಣುತ್ತಿತ್ತು, ಬಗ್ಗಿದರೆ ಕೆಳಗಿನ ತಾರಸಿಯೂ ಕಾಣುತ್ತಿತ್ತು.

ಯಂತ್ರ ಗಾಳಿಗೇರಿತು, ಗೋಪುರದ ನೆತ್ತಿ ದಾಟಿತು, ಆಚೆ ಬದಿಗೆ ಇಳಿದು ಕಣ್ಮರೆಯಾಯಿತು. ಅಲ್ಲಿಂದ ಮುಂದೆ ಅವಳ ದನಿಯೊಂದೇ.

“ಇಳಿಸು, ಇಳಿಸು, ಇಳಿಸು. ಇನ್ನೂ. ಇನ್ನೂ. ನಿಧಾನ. ಇಳಿಸು, ಇಳಿ—”

ದನಿ ನಿಂತಿತು.

ಅವನ ಕೈ ಅವನಿಗಿಂತ ಮೊದಲು ನಿಂತಿತು. ಕ್ರೇನು ಒಮ್ಮೆ ಮುಲುಗಿ ಸ್ತಬ್ಧವಾಯಿತು. ಹಗ್ಗ ಗೋಪುರದ ಆಚೆಗೆ ನೆಟ್ಟಗೆ ಇಳಿದಿತ್ತು, ಅದರ ತುದಿಯಲ್ಲಿ ಅಷ್ಟು ಭಾರ, ಅದರ ಕೆಳಗೆ ಅವಳು.

ಅವನು ಕಾದ. ಕೆಮ್ಮಿರಬೇಕು ಎಂದುಕೊಂಡ. ಕೆಮ್ಮಿಗೆ ಇಷ್ಟು ಹೊತ್ತು ಬೇಡ. ವಾಕಿಟಾಕಿಯ ಮೈಕು ಸುರುಳಿ ವೈರಿನಲ್ಲಿ ತಲೆಯ ಪಕ್ಕ ನೇತಾಡುತ್ತಿತ್ತು. ಅದನ್ನು ಎಳೆದುಕೊಂಡು ಬಟನ್ ಅದುಮಿದ.

“ಯಾಕೆ ನಿಲ್ಸಿದೆ? ಏನಾಯ್ತು?”

ಉತ್ತರವಿಲ್ಲ. ಭಾರ ತೂಗುತ್ತಿರುವಾಗ ಕುರ್ಚಿ ಬಿಟ್ಟು ಏಳುವಂತಿಲ್ಲ, ಭೂಮಿಯೇ ಬಿರಿದರೂ ಏಳುವಂತಿಲ್ಲ. ಫೋನನ್ನು ಬೆಳಿಗ್ಗೆಯೇ ಗೇಟಿನಲ್ಲಿ ಕೊಟ್ಟು ಬರಬೇಕು, ಅದೂ ನಿಯಮ. ಅವನ ಬಳಿ ಇದ್ದದ್ದು ಆ ಮೈಕೊಂದೇ. ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ.

“ಏ, ಮಾತಾಡೇ. ಕೇಳಿಸ್ತಿದೆಯಾ? ಮಾತಾಡು.”

ಆಚೆ ಗೋಪುರದ ತುದಿಯಲ್ಲಿ ಭಾಮೈದ ಕಾಣಿಸಿಕೊಂಡ. ಕೆಳಗೆ ಬಗ್ಗಿ ನೋಡಿ, ಇವನ ಕಡೆ ತಿರುಗಿ, ಎರಡೂ ಕೈ ಎತ್ತಿ ಬೀಸತೊಡಗಿದ. ಮುಷ್ಟಿ ಮುಚ್ಚಿದ, ಬಿಚ್ಚಿದ, ಮತ್ತೆ ಮುಚ್ಚಿದ, ಬಿಚ್ಚಿದ. ಇಂಥ ಸಂಜ್ಞೆಯನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಬಿಚ್ಚಿದ ಅಂಗೈಯನ್ನು ನೋಡಿದ ಅವನಿಗೆ ಒಂದೇ ಅರ್ಥ ಹೊಳೆಯಿತು: ಎಲ್ಲ ಮುಗಿಯಿತು, ಕೈಯಲ್ಲಿ ಏನೂ ಉಳಿಯಲಿಲ್ಲ.

ಆಮೇಲೆ ಅವನು ಆಡಿದ್ದೆಲ್ಲ ಮೈಕಿನೊಳಗೇ. ಆ ಚಾನೆಲ್ಲಿನಲ್ಲಿ ಸೈಟಿನ ಅರ್ಧ ಜನ ಇದ್ದಾರೆ, ಗಾರೆಯವರು, ಕಬ್ಬಿಣದವರು, ಗೇಟಿನವನು, ಇಂಜಿನಿಯರು ಎಲ್ಲರೂ ಕಿವಿಗೊಟ್ಟಿದ್ದಾರೆ ಎಂಬುದು ಅವನ ನೆನಪಿನಲ್ಲೇ ಇರಲಿಲ್ಲ.

“ತಪ್ಪಾಯ್ತು ಕಣೇ. ಬೈಯ್ಯೇ ಬೇಕಾದ್ರೆ. ಬಾಯಿಗೆ ಬಂದಹಾಗೆ ಬೈಯಿ, ಸುಮ್ನಿರ್ಬೇಡ. ಅವತ್ತು ಊಟಕ್ಕೆ ಕೂತಾಗ ನೀನು ಸುಮ್ನಾದೆಯಲ್ಲ, ನಾನು ಅಲ್ಲೇ ನಿಲ್ಬೇಕಿತ್ತು. ಇಲ್ಲಿ ಒಂದು ಉಸಿರಿನಷ್ಟು ಸುಮ್ನಾದ್ರೂ ನಿಲ್ತೀನಿ. ಅಲ್ಲಿ ನಿಲ್ಲಲಿಲ್ಲ. ಎಳ್ಕೊಂಡು ಹೋಗ್ಬಿಟ್ಟೆ. ನಂಗೆ ಆ ಎತ್ತರದ್ದು ಬೇಡ. ಏನೂ ಬೇಡ. ಕುಳ್ಳಂದೇ ಕಟ್ಟೋಣ. ಗೂಡು ಕಟ್ಟು ಅಂದ್ರೂ ಕಟ್ತೀನಿ. ನೀನಿಲ್ದೆ ನಾನು ಅಲ್ಲಿ ಹೋಗಿ ಯಾರ ಮಾತು ಕೇಳ್ಲಿ? ಊಟದ ಡಬ್ಬಿ ಮುಚ್ಚಳ ಬಸ್ಸಲ್ಲಿ ಬಿಟ್ಟು ಬಂದವನೂ ನಾನೇ, ಮಗಳ ಮೇಲೆ ಹಾಕಿದೆ. ಮಾತಾಡೇ, ನಿನ್ನ ದಮ್ಮಯ್ಯ, ಒಂದೇ ಒಂದು ಮಾತಾಡು...”

ಅವಳ ದನಿ ಕೇಳಲಿಲ್ಲ. ಕಣ್ಣು ಮಂಜಾಗಿ ಭಾಮೈದನೂ ಕಾಣದಾದ. ಮುಖ ಒರೆಸಿಕೊಳ್ಳಲು ಅವನು ಮೈಕನ್ನು ಬಿಟ್ಟು ಎರಡೂ ಅಂಗೈ ಎತ್ತಿದ.

ಮೈಕು ವೈರಿನ ತುದಿಯಲ್ಲಿ ಜೋಲಿ ಹೊಡೆಯಿತು, ಮರುಕ್ಷಣವೇ ಗೂಡಿನ ತುಂಬ ದನಿಗಳು ನುಗ್ಗಿದವು. “ಭಾವ! ಬಟನ್ ಬಿಡಿ ಬಟನ್!” ಎಂದು ಭಾಮೈದ, “ಬಿಟ್ರು, ಬಿಟ್ರು!” ಎಂದು ಗೇಟಿನವನು, ಹಿಂದೆ ಯಾರೋ ಬಿದ್ದು ಬಿದ್ದು ನಗುತ್ತಿರುವ ಸದ್ದು. ಆ ಗದ್ದಲವನ್ನೆಲ್ಲ ಸೀಳಿಕೊಂಡು ಅವಳ ದನಿ ಬಂತು.

“ಎಲ್ರೂ ಸ್ವಲ್ಪ ಬಾಯಿ ಮುಚ್ಚಿ. ರೀ, ಕೇಳಿಸ್ತಿದೆಯಾ? ಆಗ್ಲಿಂದ ಕೂಗಿ ಕೂಗಿ ಗಂಟ್ಲು ಹರ್ಕೊಂಡೆ ನಾನು. ನೀವು ಬಟನ್ ಬಿಟ್ರೆ ತಾನೆ ನನ್ ಮಾತು ನಿಮಗೆ ಕೇಳೋದು?”

ವಾಕಿಟಾಕಿ ಹಿಡಿದ ಮೊದಲನೇ ದಿನ ಯಾರಿಗಾದರೂ ಹೇಳಿಕೊಡುವ ಪಾಠ ಅದು. ಒಬ್ಬರು ಬಟನ್ ಅದುಮಿಕೊಂಡೇ ಇದ್ದರೆ ಬೇರೆ ಯಾರ ಮಾತೂ ಅವರಿಗೆ ಕೇಳುವುದಿಲ್ಲ. ಭಾಮೈದ ಮುಷ್ಟಿ ಬಿಚ್ಚಿ ಬಿಚ್ಚಿ ತೋರಿಸಿದ್ದೂ ಅದನ್ನೇ, ಬಟನ್ ಬಿಡಿ ಎಂದು. ಮಾತಾಡು ಮಾತಾಡು ಎಂದು ಅಂಗಲಾಚುತ್ತ ಅವನೇ ಅವಳ ಬಾಯಿ ಕಟ್ಟಿದ್ದ. ನಾಚಿಕೆ ಆಗಬೇಕಾಗಿತ್ತು, ಆಗಲಿಲ್ಲ. ಅವಳು ಬದುಕಿದ್ದಾಳೆ, ಬೈಯುತ್ತಿದ್ದಾಳೆ. ಆ ಹೊತ್ತಿನಲ್ಲಿ ಅವನಿಗೆ ಬೇಕಾಗಿದ್ದುದು ಅಷ್ಟೆ. ಅವನು ಹುಚ್ಚನಂತೆ ಒಬ್ಬನೇ ನಕ್ಕ.

“ನೀನು... ನಿಂಗೇನೂ ಆಗಿಲ್ವಾ?” ಎಂದು ಕೇಳಿ, ಈ ಸಲ ಬೆಂಕಿ ಮುಟ್ಟಿದವನ ಹಾಗೆ ಬಟನ್ ಬಿಟ್ಟ.

“ನಂಗೇನಾಗಿದೆ? ಆಮೇಲೆ ಹೇಳ್ತೀನಿ. ಭಾರ ಗಾಳೀಲಿದೆ, ಮೊದ್ಲು ಕೆಲ್ಸ. ರೆಡೀನಾ?”

“ರೆಡಿ.”

“ಇಳಿಸು. ಇಳಿಸು, ಇಳಿಸು. ನಿಧಾನ. ಇನ್ನೊಂಚೂರು. ಇಳಿಸು. ನಿಲ್ಲು. ಮುಟ್ತು.”

ಆಗಿದ್ದೇನೆಂದು ಅವನಿಗೆ ಪೂರ್ತಿ ತಿಳಿದದ್ದು ಟೀ ಹೊತ್ತಿಗೆ ಕೆಳಗಿಳಿದ ಮೇಲೆ. ಮೊದಲನೇ ಗೋಪುರದ ಮನೆಯೊಂದರ ಅಜ್ಜಿಯ ದಿಂಬಿನ ಕವರು ಬಾಲ್ಕನಿಯಿಂದ ಹಾರಿ ಆ ತಾರಸಿಗೆ ಬಿದ್ದಿತ್ತಂತೆ. ತಾರಸಿಗೆ ತೆರೆಯುವ ಬಾಗಿಲಿಗೆ ಬೀಗ ಇರಬೇಕಾಗಿತ್ತು, ಬಣ್ಣದವರು ಬೆಳಿಗ್ಗೆ ಹಾಕುವುದನ್ನು ಮರೆತಿದ್ದರು. ಅಜ್ಜಿ ಮನೆಯ ಚಪ್ಪಲಿ ಮೆಟ್ಟಿಕೊಂಡು, ತಲೆ ಮೇಲೆ ಲಾರಿಯಷ್ಟು ಕಬ್ಬಿಣ ತೂಗುತ್ತಿದ್ದರೂ ಲೆಕ್ಕಿಸದೆ, ನೇರ ಅದರಡಿಗೆ ನಡೆದಿದ್ದಳು. ಅದನ್ನು ನೋಡಿದ ಹೆಂಡತಿ ಬೇರೇನೂ ಯೋಚಿಸಲಿಲ್ಲ. ‘ನಿಲ್ಲು’ ಎಂದು ಹೇಳುವುದಕ್ಕೂ ನಿಲ್ಲದೆ ಬಾಯಿ ಮುಚ್ಚಿ ಓಡಿದಳು.

“ನಿಲ್ಲು ಅಂತ ಹೇಳ್ಬಹುದಿತ್ತಲ್ಲೇ” ಎಂದ ಅವನು.

“ಯಾಕೆ ಹೇಳ್ಬೇಕು? ನಾನು ಸುಮ್ನಾದ್ರೆ ನೀವು ನಿಲ್ತೀರ ಅಂತ ಗೊತ್ತಿತ್ತು” ಎಂದಳು. ಮತ್ತೆ ಸೇರಿಸಿದಳು: “ಇಲ್ಲಿ.”

ಅವನು ತಲೆ ತಗ್ಗಿಸಿ ಟೀ ಲೋಟ ಎತ್ತಿಕೊಂಡ. ಭಾಮೈದ ಟೀ ಕುಡಿಯುತ್ತ ಉಳಿದ ಕಥೆ ಬಿಚ್ಚಿದ. ಅಜ್ಜಿಯನ್ನು ಗೋಡೆ ಬದಿಗೆ ಎಳೆದು ಕೂರಿಸಿದಾಗ ಅಕ್ಕನ ವಾಕಿಟಾಕಿಯಲ್ಲಿ ಭಾವನ ಗೋಳು ಹರಿದು ಬರುತ್ತಿತ್ತಂತೆ. ಅಜ್ಜಿ ಕವರನ್ನು ಕೊಡವುತ್ತ, “ಯಾರಮ್ಮಾ ಅದು, ಹಂಗೆ ಅಳ್ತಿರೋದು?” ಎಂದು ಕೇಳಿದಳಂತೆ. ನನ್ನ ಗಂಡ ಎಂದದ್ದಕ್ಕೆ, “ನಮ್ಮ ಮನೆಯವರು ಇಷ್ಟನ್ನ ಒಂದು ಜನ್ಮದಲ್ಲಿ ಹೇಳ್ಲಿಲ್ಲ. ಇರಮ್ಮ, ಪೂರ್ತಿ ಕೇಳಿಸ್ಕೊಂಡು ಹೋಗ್ತೀನಿ” ಎಂದು ಅಲ್ಲೇ ಕೂತಳಂತೆ. ಗಾರೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ಮುಖ ಆಚೆ ತಿರುಗಿಸಿಕೊಂಡಳು, ಆದರೆ ಅವಳ ಭುಜ ಕುಲುಕುತ್ತಿತ್ತು.

ಅಷ್ಟರಲ್ಲಿ ಇಂಜಿನಿಯರ್ ಬಂದ. ನಗು ತಡೆದುಕೊಂಡು ಮುಖ ಗಂಭೀರ ಮಾಡಿಕೊಂಡಿದ್ದ. “ವಾಕಿಟಾಕೀಲಿ ಕೇಳಿದ್ದನ್ನೇ ಕೊನೇ ಮಾತು ಅಂದ್ಕೊಳ್ಳಲಾ? ಮೂರನೇ ಹಂತಕ್ಕೆ ಇಬ್ರೂ?”

ಅವನ ಬಾಯಿ ‘ಹೌದು’ ಎನ್ನಲು ತೆರೆದಿತ್ತು. ತೆರೆದದ್ದನ್ನು ಮುಚ್ಚಿಕೊಂಡ. “ನಾಳೆ ಬೆಳಿಗ್ಗೆ ಹೇಳ್ತೀನಿ ಸಾರ್” ಎಂದ. “ಇನ್ನೂ ಒಬ್ಬರನ್ನ ಕೇಳಿಲ್ಲ.”

ಸಂಜೆ ಅವನು ತಡಮಾಡದೆ ಮನೆಗೆ ಹೋದ. ಊಟಕ್ಕೆ ಕೂತಾಗ ಮಗಳು ಅಭ್ಯಾಸಬಲದಿಂದ ಸುದ್ದಿ ಒಯ್ಯಲು ಸಿದ್ಧವಾಗಿ ಇಬ್ಬರ ಮುಖವನ್ನೂ ನೋಡಿದಳು. ಅವನು ಬಡಿಸಿಕೊಳ್ಳಲು ತಟ್ಟೆ ಎತ್ತಿ ಹಿಡಿದು ಹೆಂಡತಿಯನ್ನೇ ನೇರವಾಗಿ ಕೇಳಿದ:

“ಇಲ್ಲಿ ಇರೋಣವಾ, ಅಲ್ಲಿಗೆ ಹೋಗೋಣವಾ? ನೀನು ಏನಂತೀಯ?”

ಅವಳು ಏನೂ ಅನ್ನಲಿಲ್ಲ. ಸೌಟು ಕೈಯಲ್ಲಿ ಹಿಡಿದುಕೊಂಡು ಸುಮ್ಮನಾದಳು.

ಅವನ ಕೈ ನಿಂತಿತು. ಎತ್ತಿದ ತಟ್ಟೆ ಎತ್ತಿದ ಹಾಗೇ ಇತ್ತು. ಮುಂದಕ್ಕೆ ಚಾಚಲಿಲ್ಲ, ಕೆಳಗೂ ಇಡಲಿಲ್ಲ. ಮಗಳು ಅಪ್ಪನ ಕೈಯನ್ನು ನೋಡಿದಳು, ಅಮ್ಮನ ಬಾಯನ್ನು ನೋಡಿದಳು. ಹೊರಗೆ ಬೀದಿಯಲ್ಲಿ ಬಸ್ಸೊಂದು ನಿಂತು ಹೊರಟುಹೋಯಿತು. ತಟ್ಟೆ ಅಲುಗಲಿಲ್ಲ. ಅವನು ನಿಜವಾಗಿಯೂ ಕಾಯುತ್ತಿದ್ದಾನೆ ಎಂಬುದು ಅವಳಿಗೆ ಗೊತ್ತಾದದ್ದು ಆಗ. ಅವಳ ಕಣ್ಣು ತುಂಬಿತು, ಜೊತೆಗೇ ನಗುವೂ ಬಂತು.

“ಇಳಿಸು” ಎಂದಳು. “ಇಳಿಸು, ಇಳಿಸು. ನಿಧಾನ. ಮುಟ್ತು.”

ತಟ್ಟೆ ನೆಲ ಮುಟ್ಟಿತು. ಅವಳು ಬಡಿಸುತ್ತ ಹೇಳಿದಳು: “ಮೂರನೇ ಹಂತ ಮುಗಿಯೋವರೆಗೂ ಇಲ್ಲೇ ಇರೋಣ. ಆಮೇಲೆ ಬೇಕಾದ್ರೆ ನಿಮ್ಮ ಎತ್ತರದ್ದು ಹುಡುಕೋಣ, ನಾನೂ ಬರ್ತೀನಿ. ಆದ್ರೆ ಆವಾಗ್ಲೂ ಹಿಂಗೇ ಕೇಳ್ಬೇಕು.”

“ಕೇಳ್ತೀನಿ.”

“ಮತ್ತೆ ಆ ಡಬ್ಬಿ ಮುಚ್ಚಳ...”

“ನಾಳೇನೇ ಹೊಸ ಡಬ್ಬಿ ತರ್ತೀನಿ.”

“ಅಮ್ಮಾ” ಎಂದಳು ಮಗಳು, ಇಬ್ಬರ ನಡುವೆ ಕತ್ತು ಉದ್ದ ಮಾಡಿ, “ಈಗ ನಾನು ಅಪ್ಪಂಗೆ ಏನ್ ಹೇಳ್ಲಿ?”

“ಏನೂ ಬೇಡ. ನೀನು ಊಟ ಮಾಡು” ಎಂದಳು ತಾಯಿ. “ನಾನೇ ಹೇಳ್ತೀನಿ.”